ಚಿಕ್ಕಪ್ಪನ ಕಾಲು ಯಾವ ಲೆಕ್ಕದಲ್ಲಿದೆ?

ಹೊಸ ಬೈಕ್ ತಗೊಂಡವರಿಗೆಲ್ಲ ಗೊತ್ತಿರುವ ವಿಷಯ: ಶೋರೂಮ್‌ನಲ್ಲಿ ಹೇಳೋ ರೇಟ್ ಒಂದು, ಕೊನೆಗೆ ಕೈಯಿಂದ ಹೋಗೋ ದುಡ್ಡು ಇನ್ನೊಂದು. ಮಧ್ಯದ ವ್ಯತ್ಯಾಸ ಏನು ಅಂತ ಕೇಳಿದ್ರೆ "ಟ್ಯಾಕ್ಸು, ಸೆಸ್ಸು, ಇನ್ಶೂರೆನ್ಸು ಎಲ್ಲಾ ಸೇರಿ ಆನ್‌ರೋಡ್ ಸರ್" ಅಂತ ಮುಗಿಸಿಬಿಡ್ತಾರೆ. ಆ ಸೆಸ್‌ನಲ್ಲಿ ರಸ್ತೆ ಸುರಕ್ಷತೆಯ ಹೆಸರಿನದೂ ಒಂದಿದೆ. 2017ರಲ್ಲಿ ಕರ್ನಾಟಕ ಸರ್ಕಾರ ರಸ್ತೆ ಸುರಕ್ಷತಾ ಪ್ರಾಧಿಕಾರ ಅಂತ ಒಂದನ್ನು ಕಾಯ್ದೆ ಮಾಡಿ ಹುಟ್ಟುಹಾಕಿತು. ಅದಕ್ಕೊಂದು ನಿಧಿ, ಆ ನಿಧಿಗೆ ಹೊಸ ವಾಹನಗಳ ನೋಂದಣಿ ಸಮಯದ ಸೆಸ್. ಇದಲ್ಲದೆ ಬಂಕ್‌ನಲ್ಲಿ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಕೇಂದ್ರದ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಅಂತ ಒಂದಿಷ್ಟು ಹೋಗುತ್ತೆ. ಹೆದ್ದಾರಿಯಲ್ಲಿ ಟೋಲ್ ಬೇರೆ. ಸಿಕ್ಕಿಬಿದ್ದರೆ ದಂಡ.

ಅಂದ್ರೆ ದುಡ್ಡು ಇಲ್ಲ ಅಂತಲ್ಲ. ನಿಯಮಗಳೂ ಇಲ್ಲ ಅಂತಲ್ಲ. ಇಷ್ಟೆಲ್ಲ ಇದ್ದೂ ನಮ್ಮೂರ ರಸ್ತೆಗೆ ಅದು ಯಾಕೆ ಬರಲ್ಲ ಅನ್ನೋದು ನನ್ನ ಪ್ರಶ್ನೆ. ನಾನು ಸಿವಿಲ್ ಎಂಜಿನಿಯರಿಂಗ್ ಓದ್ತಿದ್ದೀನಿ, ಹಾಗಾಗಿ ಕೇಳ್ತಿದ್ದೀನಿ ಅಂತ ಹೇಳಿದ್ರೆ ಚೆನ್ನಾಗಿ ಕೇಳಿಸುತ್ತೆ. ಆದ್ರೆ ನಿಜವಾದ ಕಾರಣ ನಮ್ಮ ಚಿಕ್ಕಪ್ಪನ ಕಾಲು.

ನಮ್ಮದು ಮಂಚೇನಹಳ್ಳಿ ಪಕ್ಕದ ಹಳ್ಳಿ. ಮೊದಲು ಗೌರಿಬಿದನೂರು ತಾಲ್ಲೂಕಿಗೆ ಸೇರಿತ್ತು, ಈಗ ಮಂಚೇನಹಳ್ಳಿಯೇ ತಾಲ್ಲೂಕು. ಗೌರಿಬಿದನೂರಿನಿಂದ ಮಂಚೇನಹಳ್ಳಿ ದಾಟಿ ಚಿಕ್ಕಬಳ್ಳಾಪುರ, ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ ಅಂತ ಹೋಗೋ ರಸ್ತೆ ಮೊದಲು ರಾಷ್ಟ್ರೀಯ ಹೆದ್ದಾರಿ 234 ಆಗಿತ್ತು, ಈಗ 69. ಊರಲ್ಲಿ ಯಾರೂ ನಂಬರ್ ಹೇಳಲ್ಲ, ಮೇನ್ ರೋಡು ಅಂತಾರೆ. ಹೆಸರು ರಾಷ್ಟ್ರೀಯ ಹೆದ್ದಾರಿ, ಆದ್ರೆ ಅದರ ಮೇಲೆ ಹೋಗೋದು ಟೊಮೆಟೊ ತುಂಬಿದ ಟೆಂಪೊ, ಹೂವಿನ ಮೂಟೆ ಹೊತ್ತ ಎಕ್ಸೆಲ್, ಹಿಂದೆ ಒಂದು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಸೀಮೆಹಸು, ಸ್ಕೂಲ್ ಮಕ್ಕಳು. ವರ್ಷದಲ್ಲಿ ಎರಡು ತಿಂಗಳು ಇದರ ಜೊತೆಗೆ ರಾಗಿ.

ರಾಗಿ ಅಂದದ್ದು ಯಾಕೆ ಅಂತ ಬೆಂಗಳೂರಲ್ಲೇ ಬೆಳೆದವರಿಗೆ ಹೇಳಬೇಕು. ಕೊಯ್ಲು ಮುಗಿದ ಮೇಲೆ ತೆನೆ ಬಡಿದು ಕಾಳು ಬೇರೆ ಮಾಡೋದೇ ಒಕ್ಕಣೆ. ಅದನ್ನು ಕಣದಲ್ಲಿ ಮಾಡಬೇಕು. ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ರಸ್ತೆಯ ಅರ್ಧಕ್ಕೆ ರಾಗಿ ಹುಲ್ಲು ಹರಡಿ ಬಿಡ್ತಾರೆ, ಬಸ್ಸು ಲಾರಿ ಅದರ ಮೇಲೆ ಓಡಿ ಓಡಿ ಕಾಳು ಉದುರುತ್ತೆ. ಗಾಡಿಯವರು ತೀರಾ ಅಂಚಿಗೆ ನುಗ್ಗದಿರಲಿ ಅಂತ ಸಾಲಾಗಿ ಕಲ್ಲು ಇಡ್ತಾರೆ. ರಾಗಿ ಪರವಾಗಿಲ್ಲ, ಹುರುಳಿ ಇನ್ನೂ ಕೆಟ್ಟದ್ದು. ಅದರ ಬಳ್ಳಿ ಬೈಕಿನ ಚೈನ್‌ಗೆ, ಕಾರಿನ ಆಕ್ಸಲ್‌ಗೆ ಸುತ್ತಿಕೊಳ್ಳುತ್ತೆ, ಬಿಸಿಯಾಗಿ ಹೊಗೆ ಬರುತ್ತೆ.

2023ರ ಡಿಸೆಂಬರ್‌ನಲ್ಲಿ ಒಂದು ಸಂಜೆ ಏಳೂವರೆ ಹೊತ್ತಿಗೆ ಚಿಕ್ಕಪ್ಪ ಗೌರಿಬಿದನೂರಿನಿಂದ ಕೆಲಸ ಮುಗಿಸಿ ಬೈಕಲ್ಲಿ ಬರ್ತಿದ್ರು. ಎದುರಿಂದ ಲಾರಿ, ಅದರ ಹೈಬೀಮ್ ಕಣ್ಣಿಗೆ. ಎಡಕ್ಕೆ ಸರಿದ್ರು. ಎಡಕ್ಕೆ ಹುಲ್ಲಿತ್ತು, ಇಬ್ಬನಿ ಬಿದ್ದು ಸೋಪಿನ ಥರ ಜಾರ್ತಿತ್ತು, ಹುಲ್ಲಿನಾಚೆ ಕಲ್ಲಿತ್ತು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದವು. ಹೆಲ್ಮೆಟ್ ಹಾಕಿದ್ರು, ತಲೆಗೆ ಏನೂ ಆಗಲಿಲ್ಲ. ಇದನ್ನು ಬರೆಯಲೇಬೇಕು, ಯಾಕಂದ್ರೆ ಊರಲ್ಲಿ ಮೊದಲು ಎಲ್ಲರೂ ಕೇಳಿದ್ದು "ಕುಡಿದಿದ್ರಾ? ಹೆಲ್ಮೆಟ್ ಇತ್ತಾ?" ಅಂತಲೇ.

ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ರಾಡ್ ಹಾಕಿದರು. ಹೇಗಾಯ್ತು ಅಂತ ಡಾಕ್ಟರ್ ಕೇಳಿದಾಗ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: "ಸ್ಕಿಡ್ ಆಗಿ ಬಿದ್ದೆ." ರಾಗಿಯ ಹೆಸರು ಎತ್ತಲಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಡಲಿಲ್ಲ. ಯಾಕಂದ್ರೆ ಆ ರಾಗಿ ನಮ್ಮ ಚಿಕ್ಕಮ್ಮನ ಕಡೆ ಸಂಬಂಧಿಕರದು. ಅವರು ಅದೇ ರಾತ್ರಿ ಬ್ಯಾಟರಿ ಹಿಡಿದು ಕಲ್ಲನ್ನೆಲ್ಲ ತೆಗೆದು ಹಾಕಿದ್ರು, ಮಾರನೇ ದಿನ ಆಸ್ಪತ್ರೆಗೆ ಆರು ಎಳನೀರು ತಗೊಂಡು ಬಂದು ಮಂಚದ ಹತ್ತಿರ ನಿಂತು ಅತ್ತರು. "ಅವರ ಮೇಲೆ ಕೇಸ್ ಹಾಕಿ ನಾಳೆ ಅವರ ಮನೆ ಮದುವೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ಅಂದ್ರು ಚಿಕ್ಕಪ್ಪ. ಮನೆಯಲ್ಲಿ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಕಾಣಲ್ಲ.

ಆದ್ರೆ ಇದರಿಂದ ಏನಾಯ್ತು ಅನ್ನೋದು ನನಗೆ ಅರ್ಥವಾಗಿದ್ದು ಕಾಲೇಜಿಗೆ ಬಂದು ಸೆಮಿನಾರ್‌ಗೆ ಅಂತ ಓದಲು ಕೂತಾಗ. ಚಿಕ್ಕಪ್ಪ ಬಿದ್ದದ್ದು ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ಈಗ ಅಪಘಾತವಾದ ಜಾಗದಲ್ಲೇ ನಿಂತು ವಿವರ ತುಂಬೋಕೆ ಪೊಲೀಸರ ಹತ್ತಿರ ಆ್ಯಪ್ ಇದೆ. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ಸೇರಿ ಮಾಡಿದ್ದು. ಎಲ್ಲಿ, ಎಷ್ಟು ಗಂಟೆಗೆ, ರಸ್ತೆ ಹೇಗಿತ್ತು, ಬೆಳಕಿತ್ತಾ, ಎಲ್ಲ ಕೇಳುತ್ತೆ. ಚೆನ್ನಾಗಿದೆ. ಆದ್ರೆ ಪೊಲೀಸರಿಗೆ ಗೊತ್ತಾದ್ರೆ ತಾನೆ ತುಂಬೋದು?

ಪುಸ್ತಕದಲ್ಲಿ ಇರೋ ಲೆಕ್ಕವೇ ಸಣ್ಣದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕದಲ್ಲಿ 11,702. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು, ಸಾವಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ: 61,038.

ಲೆಕ್ಕಕ್ಕೆ ಬಂದ ಅಪಘಾತ ಹೇಗಿರುತ್ತೆ ಅಂತ ನಮ್ಮ ಜಿಲ್ಲೆಯವರಿಗೆ ಮರೆಯೋಕೆ ಆಗಲ್ಲ. ನಮ್ಮೂರಿಂದ ಬೆಂಗಳೂರಿಗೆ ಬರೋರು ಚಿಕ್ಕಬಳ್ಳಾಪುರದಲ್ಲಿ ಹೈದರಾಬಾದ್ ಹೆದ್ದಾರಿ ಸೇರ್ತೀವಿ, ಅದು 44. ಚಿಕ್ಕಪ್ಪ ಬೀಳೋಕೆ ಎರಡು ತಿಂಗಳು ಮುಂಚೆ, 2023ರ ಅಕ್ಟೋಬರ್ 26ರ ಬೆಳಗ್ಗೆ, ಆ ಹೆದ್ದಾರಿಯಲ್ಲಿ ಚಿತ್ರಾವತಿ ಹತ್ತಿರ ಮಂಜು ಕವಿದಿತ್ತು. ರಸ್ತೆಯಲ್ಲಿ ನಿಂತಿದ್ದ ಸಿಮೆಂಟ್ ಟ್ಯಾಂಕರ್‌ಗೆ ಹಿಂದಿನಿಂದ ಒಂದು ಟಾಟಾ ಸುಮೊ ಗುದ್ದಿತು. 13 ಜನ ಹೋದರು. ದಸರಾ ಮುಗಿಸಿ ಆಂಧ್ರದ ಕಡೆಯಿಂದ ಬರ್ತಿದ್ದವರು. ನಾವು ಪಿಯುಸಿಯಲ್ಲಿದ್ದೆವು, ಅವತ್ತು ಇಡೀ ಕ್ಲಾಸಲ್ಲಿ ಅದೇ ಮಾತು. ಟಿವಿಯವರು ಬಂದರು, ಮಂತ್ರಿಗಳು ಮಾತಾಡಿದರು. ಆಮೇಲೆ ಅಲ್ಲಿ ಹೋಗೋವಾಗೆಲ್ಲ ಬಸ್ಸಲ್ಲಿ ಯಾರಾದ್ರೂ ಒಬ್ಬರು "ಇಲ್ಲೇ ಅಲ್ವಾ?" ಅಂತ ಕೇಳೇ ಕೇಳ್ತಾರೆ.

ಅಂಥ ಜಾಗಗಳನ್ನು ಗುರುತಿಸೋಕೆ ಸಚಿವಾಲಯ 2015ರಲ್ಲಿ ಒಂದು ಅಳತೆ ಮಾಡಿತು. ಹೆಸರು ಬ್ಲ್ಯಾಕ್ ಸ್ಪಾಟ್. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷದೊಳಗೆ, ಸಾವು ಅಥವಾ ತೀವ್ರ ಗಾಯವಾದ 5 ಅಪಘಾತ ಆಗಿರಬೇಕು. ಇಲ್ಲ ಅಂದ್ರೆ 10 ಜನ ಸತ್ತಿರಬೇಕು. ಹಾಗಾದ್ರೆ ಅದು ಪಟ್ಟಿಗೆ ಸೇರುತ್ತೆ, ಸರಿಪಡಿಸೋಕೆ ದುಡ್ಡು ಬರೋ ದಾರಿ ತೆರೆಯುತ್ತೆ: ಬೋರ್ಡು, ಬ್ಯಾರಿಯರ್, ದೀಪ, ತಿರುವು ನೇರ ಮಾಡೋದು, ದೊಡ್ಡದಾದ್ರೆ ಅಂಡರ್‌ಪಾಸ್.

ಮೊದಲ ಸಲ ಓದಿದಾಗ ಇದು ನನಗೆ ಸರಿ ಅನ್ನಿಸಿತು. ದುಡ್ಡು ಎಲ್ಲ ಕಡೆ ಹಾಕೋಕೆ ಆಗಲ್ಲ, ಹೆಚ್ಚು ಸಾಯೋ ಕಡೆ ಮೊದಲು ಹಾಕಬೇಕು. ಆಮೇಲೆ ಪೆನ್ ತಗೊಂಡೆ. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ 35 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. 500 ಮೀಟರಿನ 70 ತುಂಡು. ಒಂದೊಂದು ತುಂಡಲ್ಲೂ ಮೂರು ವರ್ಷಕ್ಕೆ ನಾಲ್ಕು ದೊಡ್ಡ ಅಪಘಾತ, ಒಂದೊಂದರಲ್ಲಿ ಒಬ್ಬೊಬ್ಬರು ಹೋದರು ಅಂದುಕೊಳ್ಳಿ. ಒಟ್ಟು 280 ಸಾವು. ಬ್ಲ್ಯಾಕ್ ಸ್ಪಾಟ್ ಎಷ್ಟು? ಸೊನ್ನೆ. ನಿಜವಾಗಿ ಇಷ್ಟಾಗಿದೆ ಅಂತ ನಾನು ಹೇಳ್ತಿಲ್ಲ, ಅಳತೆಗೋಲು ಹೇಗಿದೆ ಅಂತ ತೋರಿಸ್ತಿದ್ದೀನಿ. ಒಂದೇ ಜಾಗದಲ್ಲಿ ಗುಂಪಾಗಿ ಸಾಯೋ ರಸ್ತೆಗೆ ಇದು ಸರಿ. ನಮ್ಮ ಥರ ಇಲ್ಲೊಬ್ಬರು ಅಲ್ಲೊಬ್ಬರು ಬೀಳೋ ರಸ್ತೆಗೆ, ರಾಗಿ ಹಾಕೋ ಜಾಗವೇ ವರ್ಷ ವರ್ಷಕ್ಕೆ ಬದಲಾಗೋ ರಸ್ತೆಗೆ, ಇದು ಯಾವತ್ತೂ ಬರಲ್ಲ. ಇನ್ನೊಂದು ವಿಷಯ. ಮೂಳೆ ಮುರಿದ್ರೆ ಕಾನೂನಿನ ಪ್ರಕಾರ ಅದು ತೀವ್ರ ಗಾಯ. ಅಂದ್ರೆ ಆ 500 ಮೀಟರಿನ ಐದರಲ್ಲಿ ಒಂದು ಚಿಕ್ಕಪ್ಪನದು ಆಗಬಹುದಿತ್ತು. ಎಳನೀರು ಕುಡಿದು ಬಿಟ್ಟುಕೊಟ್ಟರು.

ರಸ್ತೆ ಸುರಕ್ಷತೆಗೆ ಇಷ್ಟಾದರೂ ವ್ಯವಸ್ಥೆ ಬಂದಿದ್ದಕ್ಕೆ ಒಬ್ಬ ಮೂಳೆ ಡಾಕ್ಟರೇ ಒಂದು ಕಾರಣ. ಕೊಯಮತ್ತೂರಿನ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದರು. 2014ರಲ್ಲಿ ಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಸಮಿತಿ ಮಾಡಿತು, 2017ರ ನವೆಂಬರ್ 30ಕ್ಕೆ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು: ಸುರಕ್ಷತಾ ನೀತಿ ಮಾಡಿ, ನಿಧಿ ಮಾಡಿ, ದಂಡದ ದುಡ್ಡಿನಲ್ಲಿ ಒಂದು ಪಾಲು ಅದಕ್ಕೆ ಹಾಕಿ, ಪ್ರತಿ ಜಿಲ್ಲೆಯಲ್ಲೂ ಸಮಿತಿ ಇರಲಿ. ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ದಂಡದ ಬಗ್ಗೆ ನಮ್ಮ ರಾಜ್ಯದ ಪ್ರೀತಿ ಬೇರೆ ಥರ. 2019ರಲ್ಲಿ ಹೊಸ ಕಾಯ್ದೆ ಬಂದು ಹೆಲ್ಮೆಟ್ ದಂಡ 1,000 ರೂಪಾಯಿ ಆದ ತಿಂಗಳಲ್ಲೇ ಇಲ್ಲಿ 500ಕ್ಕೆ ಇಳಿಸಿದರು. 2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆ ಅರ್ಧಕ್ಕರ್ಧ ಡಿಸ್ಕೌಂಟ್ ಕೊಟ್ಟಾಗ ಜನ ಸೀರೆ ಅಂಗಡಿ ಮುಂದೆ ನಿಂತ ಹಾಗೆ ಕ್ಯೂ ನಿಂತು ಕೆಲವೇ ದಿನದಲ್ಲಿ ನೂರು ಕೋಟಿಗೂ ಮೀರಿ ಕಟ್ಟಿದರು.

ಯಾರಿಗೆ ಎಷ್ಟು ದಂಡ ಅಂತ ನೋಡಿದರೆ ಇನ್ನೂ ವಿಚಿತ್ರ. 2019ರ ತಿದ್ದುಪಡಿಯಲ್ಲಿ 198ಎ ಅಂತ ಒಂದು ಸೆಕ್ಷನ್ ಸೇರಿದೆ. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಅದಕ್ಕೆ ಹೊಣೆಯಾದ ಇಲಾಖೆ, ಗುತ್ತಿಗೆದಾರ ಅಥವಾ ಕನ್ಸಲ್ಟೆಂಟ್‌ಗೆ 1 ಲಕ್ಷದವರೆಗೆ ದಂಡ. ನಾಳೆ ಕನ್ಸಲ್ಟೆಂಟ್ ಆಗಲಿರುವ ನಮ್ಮ ಕ್ಲಾಸ್‌ನವರು ಓದಿಕೊಳ್ಳಿ. ಹೆದ್ದಾರಿಯ ಒಂದು ಕಿಲೋಮೀಟರ್‌ಗೆ ಕೋಟಿಗಟ್ಟಲೆ ಖರ್ಚಾಗುವಾಗ 1 ಲಕ್ಷ ಅಂದ್ರೆ ಉದ್ಘಾಟನೆಯ ಶಾಮಿಯಾನದ ದುಡ್ಡು. ಇನ್ನು ರಸ್ತೆಗೆ ಅಡ್ಡಿ ಮಾಡಿದವರಿಗೆ, ಅಂದ್ರೆ ರಾಗಿ ಹಾಕಿದ ನಮ್ಮ ಸಂಬಂಧಿಕರಿಗೆ, ಹಳೇ ಐಪಿಸಿಯಲ್ಲಿ 200 ರೂಪಾಯಿವರೆಗೆ ದಂಡ ಇತ್ತು. 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲಿ 5,000ದವರೆಗೆ.

ಬಿದ್ದವರಿಗೆ ಕೊಡುವ ದುಡ್ಡಿನ ಕಥೆ ಸ್ವಲ್ಪ ಪರವಾಗಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಗುದ್ದಿ ಹರೀಶ್ ಅನ್ನೋ ಯುವಕ ದೇಹ ಎರಡು ಭಾಗವಾಗಿ ಬಿದ್ದಿದ್ದಾಗಲೂ ತನ್ನ ಅಂಗಾಂಗ ದಾನ ಮಾಡಿ ಅಂತ ಹೇಳಿ ತೀರಿಕೊಂಡರು. ಆಮೇಲೆ ಅವರ ಹೆಸರಲ್ಲೇ ರಾಜ್ಯ ಸರ್ಕಾರ ಸಾಂತ್ವನ ಯೋಜನೆ ತಂದಿತು: ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ನಗದುರಹಿತ ಚಿಕಿತ್ಸೆ ಜಾರಿ ಮಾಡಿತು. ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷದವರೆಗೆ. ಇದಕ್ಕೂ ಪೊಲೀಸರ ದೃಢೀಕರಣ ಬೇಕು. ಚಿಕ್ಕಪ್ಪ ಇವತ್ತು ಬಿದ್ದಿದ್ದರೂ "ಸ್ಕಿಡ್ ಆಗಿ ಬಿದ್ದೆ, ಕಂಪ್ಲೇಂಟ್ ಬೇಡ" ಅಂತ ಮನೆಗೆ ಬರೋರು. ಅವತ್ತು ದುಡ್ಡು ಬಂದಿದ್ದು ಎರಡು ಹಸು ಮಾರಿ, ಚಿಕ್ಕಮ್ಮನ ಒಡವೆ ಅಡ ಇಟ್ಟು. ಒಡವೆ ಬಿಡಿಸಿಕೊಂಡಿದ್ದು ಹೋದ ಯುಗಾದಿಗೆ.

ಹಾಗಾದ್ರೆ ರಾಗಿ ಹಾಕೋರನ್ನು ಹಿಡಿದು ದಂಡ ಹಾಕಬೇಕಾ? ಎಂಜಿನಿಯರಿಂಗ್ ಹುಡುಗರಿಗೆ ಸುಲಭವಾಗಿ ಹೊಳೆಯೋದು ಇದೇ. ನಾನೂ ಮನೆಯಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿದೆ. ಅಜ್ಜಿ ಕಡಲೆಕಾಯಿ ಸುಲೀತಿದ್ರು, ತಲೆ ಎತ್ತಲಿಲ್ಲ.

"ಕಣ ಎಲ್ಲೈತೆ ತೋರ್ಸು, ಅಲ್ಲಿ ಹಾಕ್ತೀವಿ" ಅಂದ್ರು.

"ಮೊದ್ಲು ಎಲ್ಲಿ ಹಾಕ್ತಿದ್ರಿ ಅಜ್ಜಿ?"

"ಮೊದ್ಲು ಮನೆಗೊಂದು ಕಣ ಇತ್ತಪ್ಪ. ಸಗಣಿ ಸಾರಿಸಿ, ಎತ್ತು ಕಟ್ಟಿ, ಕಲ್ಲುಗುಂಡು ಹೊಡೀತಿದ್ವಿ. ಈಗ ಎತ್ತಿಲ್ಲ. ಕಣದ ಜಾಗದಾಗೆ ನಿಮ್ಮ ದೊಡ್ಡಪ್ಪನೇ ಮನೆ ಕಟ್ಟವ್ನೆ. ಮಿಷನ್ನಿಗೆ ಗಂಟೆ ಲೆಕ್ಕದಾಗೆ ದುಡ್ಡು ಕೊಟ್ರೆ ರಾಗಿ ಯಾಕೆ ಬೆಳೀಬೇಕು, ಸೊಸೈಟಿಯಾಗೆ ತಂದು ತಿನ್ನೋದು."

ನನ್ನ ಹತ್ತಿರ ಉತ್ತರ ಇರಲಿಲ್ಲ. ರಸ್ತೆ ಗಟ್ಟಿ, ಚಪ್ಪಟೆ, ಒಣಗಿದ್ದು, ಬಿಟ್ಟಿ. ಮೇಲೆ ಓಡೋ ಲಾರಿಗೂ ಬಾಡಿಗೆ ಕೊಡಬೇಕಾಗಿಲ್ಲ. ಎಂಜಿನಿಯರ್ ಕಣ್ಣಲ್ಲಿ ನೋಡಿದರೆ ಅದಕ್ಕಿಂತ ಒಳ್ಳೇ ಕಣ ಸಿಗಲ್ಲ.

ಊರಿನವರು ಸುಮ್ಮನಿದ್ದಾರೆ ಅಂತಲ್ಲ. ಯಾರಾದ್ರೂ ಬಿದ್ದಾಗೆಲ್ಲ ಕೇಳೋದು ಹಂಪು. ಆದ್ರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪು ಇರಕೂಡದು, ಇದ್ದದ್ದನ್ನೂ ತೆಗೀರಿ ಅಂತ ಸಚಿವಾಲಯ 2016ರಲ್ಲೇ ಹೇಳಿದೆ. ಹಂಪು ಹಾಕಿದರೂ ರಾಗಿ ಹಂಪಿನಾಚೆ ಹೋಗುತ್ತೆ, ಅಷ್ಟೆ. ಹೆದ್ದಾರಿ ದುಡ್ಡಿನಲ್ಲಿ ಮಾಡಬಹುದಾದ್ದೆಲ್ಲ ಹೆದ್ದಾರಿಯ ಮೇಲೆ ಮಾಡುವಂಥದ್ದು. ನಮಗೆ ಬೇಕಾದ ಸುರಕ್ಷತಾ ಸಾಧನ ಹೆದ್ದಾರಿಯ ಮೇಲಿಲ್ಲ, ಅದರಿಂದ ಇನ್ನೂರು ಮೀಟರ್ ದೂರದಲ್ಲಿದೆ. ಅದು ಒಂದು ಕಣ.

ಅಮೆರಿಕದ ಒಂದು ನಿಯಮ ನನಗೆ ಇಲ್ಲಿ ನೆನಪಾಗುತ್ತೆ. ಅಲ್ಲಿ 1966ರಲ್ಲಿ ಹೆದ್ದಾರಿ ಸುರಕ್ಷತಾ ಕಾಯ್ದೆ ಬಂತು. ಅದರ 402ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸುರಕ್ಷತೆಗೆ ಅನುದಾನ ಕೊಡುತ್ತೆ. ಅದರಲ್ಲಿ ನೂರಕ್ಕೆ 40 ಪಾಲಾದರೂ ಕೌಂಟಿ, ಊರು, ಅಂದ್ರೆ ಸ್ಥಳೀಯ ಆಡಳಿತದ ಕೆಲಸಕ್ಕೆ ಹೋಗಲೇಬೇಕು. ಅಮೆರಿಕದಲ್ಲಿ ಎಲ್ಲ ಸರಿ ಇದೆ ಅಂತಲ್ಲ, ಅಲ್ಲೂ ವರ್ಷಕ್ಕೆ ನಲವತ್ತು ಸಾವಿರದ ಆಸುಪಾಸು ಜನ ರಸ್ತೆಯಲ್ಲಿ ಸಾಯ್ತಾರೆ. ಆದ್ರೆ ಆ 40 ನನಗೆ ಇಷ್ಟವಾಯ್ತು. ಅಪಾಯ ಎಲ್ಲಿದೆ ಅಂತ ಊರಿನವರಿಗೇ ಜಾಸ್ತಿ ಗೊತ್ತು ಅಂತ ಒಪ್ಪಿಕೊಂಡ ಹಾಗೆ. ನಮ್ಮ ಸೆಸ್ಸಿನಲ್ಲಿ, ದಂಡದಲ್ಲಿ ನೂರಕ್ಕೆ ನಲವತ್ತು ಬೇಡ, ನಾಲ್ಕು ರೂಪಾಯಿ ಗ್ರಾಮ ಪಂಚಾಯಿತಿಗೆ ಬಂದಿದ್ದರೆ ನಮ್ಮ ಹೆದ್ದಾರಿ ಪಕ್ಕದ ಊರುಗಳವರು ಮೊದಲು ಏನು ಮಾಡ್ತಿದ್ರು? ಟ್ರೇಲರ್‌ಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸ್ತಿದ್ರು, ಸ್ಕೂಲ್ ಮುಂದೆ ದೀಪ ಹಾಕ್ತಿದ್ರು, ಕಣ ಕಟ್ಟಿಸ್ತಿದ್ರು.

ಕಣಕ್ಕೆ ದುಡ್ಡು ಬೇರೆ ಬಾಗಿಲಲ್ಲಿ ಇದೆ ಅಂತ ಆಮೇಲೆ ಗೊತ್ತಾಯ್ತು. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಸಬಹುದು, ನಮ್ಮ ರಾಜ್ಯದಲ್ಲಿ ಎಷ್ಟೋ ಪಂಚಾಯಿತಿಗಳು ಮಾಡಿಸಿವೆ. ಆದ್ರೆ ಅದು ಗ್ರಾಮೀಣಾಭಿವೃದ್ಧಿ ಇಲಾಖೆ. ಅಲ್ಲಿನ ಕಡತದಲ್ಲಿ ಕಣ ಅಂದ್ರೆ ರೈತರ ಅನುಕೂಲ, ಕೂಲಿ ದಿನಗಳ ಲೆಕ್ಕ. ಅದರಿಂದ ಹೆದ್ದಾರಿಯಲ್ಲಿ ಒಂದು ಕಾಲು ಉಳಿಯುತ್ತೆ ಅಂತ ಬರೆಯೋಕೆ ಆ ಫಾರಂನಲ್ಲಿ ಕಾಲಂ ಇಲ್ಲ. ಸಾರಿಗೆ ಇಲಾಖೆಯ ಫಾರಂನಲ್ಲಿ ರಾಗಿಗೆ ಕಾಲಂ ಇಲ್ಲ. ಇವೆರಡನ್ನೂ ಒಂದೇ ಮೇಜಿಗೆ ತರಬಹುದಾದ ಜಾಗ ಒಂದಿದೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಆ ರಸ್ತೆ ಸುರಕ್ಷತಾ ಸಮಿತಿ.

ಹೋದ ರಜೆಯಲ್ಲಿ ನಾನು, ಚಿಕ್ಕಪ್ಪ ಮತ್ತು ಆ ಎಳನೀರಿನ ಸಂಬಂಧಿಕರು, ಮೂರು ಜನ ಎರಡು ಅರ್ಜಿ ಬರೆದೆವು. ಒಂದು ಸಮಿತಿಗೆ, ಒಂದು ಪಂಚಾಯಿತಿಗೆ. ಕನ್ನಡದಲ್ಲಿ ಅರ್ಜಿ ಬರೆಯೋದು ಹೇಗೆ ಅಂತ ಇಂಗ್ಲಿಷ್ ಮೀಡಿಯಂನಲ್ಲಿ ಹೇಳಿಕೊಡಲ್ಲ, "ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಅನ್ನೋದನ್ನು ಚಿಕ್ಕಪ್ಪನೇ ಹೇಳಿ ಬರೆಸಿದರು. ಕಾರಣ ಅನ್ನೋ ಜಾಗದಲ್ಲಿ ಅಪಘಾತದ ವಿಷಯ ಬರೆಯಲಾ ಅಂತ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಸರು ಹಾಕ್ಬೇಡ. ಜಾಗ ಹಾಕು, ತಿಂಗಳು ಹಾಕು" ಅಂದ್ರು ಚಿಕ್ಕಪ್ಪ. ಜಾಗ, ತಿಂಗಳು ಹಾಕಿದೆ. ಬರೀತಾ ಹೋದ ಹಾಗೆ ಅವರಿಬ್ಬರೂ ಇನ್ನಷ್ಟು ಜಾಗ, ಇನ್ನಷ್ಟು ತಿಂಗಳು ಹೇಳ್ತಾ ಹೋದರು. ಯಾರ ಹೆಸರೂ ಇಲ್ಲದೆ ಹದಿನಾಲ್ಕು ಆಯ್ತು. ಒಂದೂ ಸ್ಟೇಷನ್ ಮೆಟ್ಟಿಲು ಹತ್ತಿದ್ದಲ್ಲ.

ಪಂಚಾಯಿತಿಯ ಪಿಡಿಒ ಅರ್ಜಿ ಓದಿ, ಕ್ರಿಯಾ ಯೋಜನೆಗೆ ಸೇರಿಸೋಣ, ಜಾಗ ತೋರಿಸಿ ಅಂದಿದ್ದಾರೆ. ಅಜ್ಜಿ ತೋರಿಸಿದ ಜಾಗ ಕೆರೆಗೆ ಸೇರಿದ್ದು, ಅಲ್ಲಿ ಆಗಲ್ಲವಂತೆ. ಗೋಮಾಳದಲ್ಲಿ ಮೇನ್ ರೋಡಿಗೆ ಹತ್ತಿರವಾಗಿ ಒಂದು ತುಂಡು ಇದೆ, ಅದಕ್ಕೆ ಸರ್ವೆ ಆಗಬೇಕು. ಸರ್ವೆಗೆ ಅರ್ಜಿ ಹಾಕಿದ್ದೇವೆ. ಈ ಸಲದ ರಾಗಿ ಆಗಲೇ ತೆನೆ ಬಿಟ್ಟಿದೆ.